ಅರ್ಧ ಹಳೆಯ ಟ್ಯಾಂಕ್

ಮುಂಬಯಿಯ ಮಾಟುಂಗದಲ್ಲಿರುವ ನಮ್ಮ ಭಾವನ ಬಳಿ 1929ರ ಫೋರ್ಡ್ ಮಾಡೆಲ್ ಎ ಕಾರೊಂದಿದೆ. ಹಳೆಯ ಕಾರುಗಳ ಮೆರವಣಿಗೆಗೆಂದು ಅದನ್ನು ಹಾರ್ನಿಮನ್ ಸರ್ಕಲ್‌ಗೆ ಒಯ್ದಾಗಲೆಲ್ಲ ಸುತ್ತ ನೆರೆಯುವವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ: ಬಣ್ಣ ಮೊದಲಿನದೇ, ದೀಪಗಳು ಮೊದಲಿನವೇ, ಲೀಟರಿಗೆ ಎಷ್ಟು ಓಡುತ್ತದೆ, ಮಾರುತ್ತೀರಾ. ಪೆಟ್ರೋಲ್ ಟ್ಯಾಂಕಿನ ಬಗ್ಗೆ ಇದುವರೆಗೆ ಯಾರೂ ವಿಚಾರಿಸಿದ್ದಿಲ್ಲ. ವಿಚಾರಿಸಿದರೂ ಭಾವನಿಗೆ ಅದು ಸಮಸ್ಯೆಯಲ್ಲ. "ಒರಿಜಿನಲ್" ಎಂದು ಹೇಳಿ ಮುಂದಿನವರತ್ತ ತಿರುಗಿಬಿಡುತ್ತಾರೆ. ನನಗೆ ಮಾತ್ರ ಆ ಉತ್ತರ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಏಕೆಂದರೆ ಆ ಟ್ಯಾಂಕಿನ ಮೇಲರ್ಧ ಫೋರ್ಡ್ ಕಾರ್ಖಾನೆಯದು. ಕೆಳಗಿನರ್ಧವನ್ನು ಇತ್ತೀಚೆಗೆ ಕುರ್ಲಾದ ಒಂದು ತಗಡಿನ ಅಂಗಡಿಯಲ್ಲಿ ಕೊಡತಿಯಿಂದ ಬಡಿದು ಮಾಡಿದ್ದು. ಇದನ್ನು ದುರಸ್ತಿಯಾದ ಹಳೆಯ ಟ್ಯಾಂಕ್ ಎನ್ನಬೇಕೋ, ಹಳೆಯದರ ತುಂಡನ್ನು ಇಟ್ಟುಕೊಂಡ ಹೊಸ ಟ್ಯಾಂಕ್ ಎನ್ನಬೇಕೋ ಎಂಬ ಚರ್ಚೆ ನಮ್ಮಿಬ್ಬರ ನಡುವೆ ಊಟದ ಹೊತ್ತಿಗೂ ಬಂದು, ಅಕ್ಕನಿಂದ ಬೈಸಿಕೊಂಡದ್ದೂ ಆಗಿದೆ.

ಬೇರೆ ಕಾರಾಗಿದ್ದರೆ ಈ ಪ್ರಶ್ನೆ ಇಷ್ಟು ಬೆಳೆಯುತ್ತಿರಲಿಲ್ಲವೇನೋ. ಸಾಮಾನ್ಯವಾಗಿ ಟ್ಯಾಂಕ್ ಎಂದರೆ ಕಾರಿನ ಹಿಂಭಾಗದಲ್ಲಿ, ಕಣ್ಣಿಗೆ ಬೀಳದ ಕಡೆ, ಪಟ್ಟಿ ಕಟ್ಟಿ ನೇತುಹಾಕಿದ ಡಬ್ಬಿ. ಬಿಚ್ಚಿ ಬೇರೊಂದನ್ನು ಕಟ್ಟಿದರೆ ಕಾರಿನ ಮುಖ ಬದಲಾಗುವುದಿಲ್ಲ. ಮಾಡೆಲ್ ಎ ಹಾಗಲ್ಲ. ಅದರ ಟ್ಯಾಂಕ್ ಇರುವುದು ಎಂಜಿನ್‌ಗೂ ಡ್ಯಾಶ್‌ಬೋರ್ಡ್‌ಗೂ ನಡುವೆ, ಮುಂದಿನ ಗಾಜಿನ ಬುಡದಲ್ಲಿ. ಬಾನೆಟ್ ಮುಗಿದ ಮೇಲೆ ಗಾಜಿನವರೆಗೆ ಹರಡಿರುವ, ಬಣ್ಣ ಬಳಿದ ಆ ಬಾಗಿದ ಮೈ ಇದೆಯಲ್ಲ, ಅದೇ ಟ್ಯಾಂಕಿನ ಬೆನ್ನು. ಪೆಟ್ರೋಲ್ ಸುರಿಯುವ ಮುಚ್ಚಳವೂ ಅಲ್ಲೇ, ಗಾಜಿನ ಮುಂದೆ ನಟ್ಟನಡುವೆ. ಅಳತೆ ತೋರಿಸುವ ಮುಳ್ಳು ಡ್ಯಾಶ್‌ಬೋರ್ಡ್‌ನಲ್ಲಿದ್ದರೂ ಅದಕ್ಕೆ ವಿದ್ಯುತ್ತಿನ ತಂತಿಯೇ ಇಲ್ಲ. ಟ್ಯಾಂಕಿನೊಳಗೆ ತೇಲುವ ಬಿರಡೆಯ ತುಂಡೇ ನೇರವಾಗಿ ಅದನ್ನು ತಿರುಗಿಸುತ್ತದೆ. ಪಂಪೂ ಇಲ್ಲ, ಪೆಟ್ರೋಲ್ ತನ್ನ ಭಾರಕ್ಕೆ ತಾನೇ ಇಳಿದು, ಅದನ್ನು ಗಾಳಿಯೊಂದಿಗೆ ಬೆರೆಸಿ ಎಂಜಿನ್‌ಗೆ ಕೊಡುವ ಕಾರ್ಬ್ಯುರೇಟರ್ ಸೇರುತ್ತದೆ. ಸ್ಟಿಯರಿಂಗ್ ಕಂಬದ ಆಸರೆ ಕೂಡ ಟ್ಯಾಂಕಿನ ತಳಕ್ಕೇ ಬಿಗಿದಿರುತ್ತದೆ. ಹೀಗಾಗಿ ಟ್ಯಾಂಕನ್ನು ಬದಲಾಯಿಸುವುದೆಂದರೆ ಕಾರಿನ ಹೊರಮೈಯನ್ನೇ ಬದಲಾಯಿಸಿದಂತೆ. ಮತ್ತು ಅದು ಸೋರಿದರೆ, ಸೋರುವುದು ರಸ್ತೆಗಲ್ಲ, ಮುಂದೆ ಕುಳಿತವರ ಮೊಣಕಾಲ ಮೇಲೆ.

ಈ ಕಾರನ್ನು ಭಾವನ ತಂದೆ, ದಾದರ್‌ನಲ್ಲಿ ಹೋಟೆಲ್ ಇಟ್ಟಿದ್ದವರು, ಒಂದು ಪಾರ್ಸಿ ಕುಟುಂಬದಿಂದ ಕೊಂಡದ್ದು. ಕೆನಡಾದ ಫೋರ್ಡ್‌ನ ಅಂಗವಾಗಿ ಭಾರತದ ಫೋರ್ಡ್ ಕಂಪನಿ ಬೊಂಬಾಯಿಯಲ್ಲಿ ಶುರುವಾದದ್ದು 1926ರಲ್ಲಿ. ಶಿವಡಿಯಲ್ಲಿ ಜನರಲ್ ಮೋಟರ್ಸ್ ಕಾರು ಜೋಡಿಸಲು ತೊಡಗಿದ್ದು 1928ರಲ್ಲಿ. ಆ ಕಾಲದ ಅಮೆರಿಕನ್ ಕಾರುಗಳು ಈ ಊರಿನಲ್ಲಿ ಇಂದಿಗೂ ಅಲ್ಲಲ್ಲಿ ಉಳಿದಿರುವುದಕ್ಕೆ ಅದೇ ಕಾರಣ.

ಒಳಗಿನ ಲೇಪ

ಹಳೆಯ ಟ್ಯಾಂಕುಗಳನ್ನು ಬರಿಯ ಉಕ್ಕಿನ ತಗಡಿನಿಂದ ಮಾಡುತ್ತಿರಲಿಲ್ಲ. ಉಕ್ಕಿನ ಮೇಲೆ ಸೀಸ ಮತ್ತು ತವರದ ಮಿಶ್ರಲೋಹವನ್ನು ಲೇಪಿಸಿದ ಟರ್ನ್ ತಗಡನ್ನು ಬಳಸುತ್ತಿದ್ದರು. ಅದರಲ್ಲಿ ಸೀಸದ್ದೇ ಸಿಂಹಪಾಲು. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವುದನ್ನು ನೋಡಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ: ಮೂಲ ಲೋಹಕ್ಕೂ ಒಳಗಿರುವ ಪದಾರ್ಥಕ್ಕೂ ನಡುವೆ ತೆಳುವಾದ, ಮೃದುವಾದ, ಬೇಕಾದಾಗ ಮತ್ತೆ ಹಾಕಿಸಬಹುದಾದ ಒಂದು ಪದರ. ಈ ಲೇಪಕ್ಕೆ ಇನ್ನೊಂದು ಗುಣವೂ ಉಂಟು. ಅದರ ಮೇಲೆ ಬೆಸುಗೆ ಸಲೀಸಾಗಿ ಹಿಡಿಯುತ್ತದೆ. ಕಾರ್ಖಾನೆಯಲ್ಲಿ ಎರಡು ಅರ್ಧಗಳ ಅಂಚುಗಳನ್ನು ಉರುಳುವ ಗಾಲಿಗಳ ನಡುವೆ ಒತ್ತಿ ವಿದ್ಯುತ್ತಿನಿಂದ ಬೆಸೆಯುತ್ತಿದ್ದರು. ಮುಂದೆ ಎಲ್ಲಾದರೂ ತೂತಾದರೆ ಯಾವ ಊರಿನ ತಗಡಿನ ಕೆಲಸದವನಾದರೂ ಕಾದ ತಾಮ್ರದ ಕಡ್ಡಿಯಿಂದ ಮುಚ್ಚಬಹುದಿತ್ತು.

ತೂತಾಗುವುದೇಕೆ ಎಂಬುದಕ್ಕೆ ಮುಂಬಯಿಯಲ್ಲಿ ಉತ್ತರ ಹುಡುಕುವುದು ಕಷ್ಟವಲ್ಲ. ಟ್ಯಾಂಕಿನ ಮುಚ್ಚಳದಲ್ಲಿ ಗಾಳಿ ಆಡಲು ಸಣ್ಣ ರಂಧ್ರವಿರುತ್ತದೆ. ಹಗಲಿನ ಬಿಸಿಗೆ ಒಳಗಿನ ಆವಿ ಹೊರಬೀಳುತ್ತದೆ, ರಾತ್ರಿ ತಣಿದಾಗ ಹೊರಗಿನ ಗಾಳಿ ಒಳಸೇರುತ್ತದೆ. ಸಮುದ್ರದ ಪಕ್ಕದ ಊರಿನಲ್ಲಿ, ಅದರಲ್ಲೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಆ ಗಾಳಿಯೊಂದಿಗೆ ನೀರೂ ಬರುತ್ತದೆ. ಅರ್ಧ ಖಾಲಿಯಾಗಿ ತಿಂಗಳುಗಟ್ಟಲೆ ನಿಂತ ಕಾರಿನ ಟ್ಯಾಂಕ್ ಹೀಗೆ ದಿನವೂ ಉಸಿರಾಡುತ್ತದೆ. ನೀರು ಪೆಟ್ರೋಲಿಗಿಂತ ಭಾರವಾದ್ದರಿಂದ ತಳ ಸೇರಿ, ತಗ್ಗಿದ್ದಲ್ಲಿ ನಿಂತು, ಲೇಪ ಸವೆದ ಒಂದೊಂದು ಬಿಂದುವಿನಲ್ಲಿ ಉಕ್ಕನ್ನು ಕೊರೆಯತೊಡಗುತ್ತದೆ. ಮಾಟುಂಗದ ಕಿಂಗ್ಸ್ ಸರ್ಕಲ್‌ನಲ್ಲಿ ನಿಲ್ಲುವ ಮಳೆನೀರೇ ಟ್ಯಾಂಕ್ ಹಾಳುಮಾಡಿತೆಂದು ಭಾವ ಬಹಳ ಕಾಲ ನಂಬಿದ್ದರು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿದ್ದಾಗ ಈ ಊರಿನ ಎಷ್ಟೋ ಕಾರುಗಳ ಟ್ಯಾಂಕಿಗೆ ಚರಂಡಿ ನೀರು ನುಗ್ಗಿದ್ದು ನಿಜ. ಆದರೆ ಎದೆಮಟ್ಟದಲ್ಲಿರುವ ಮಾಡೆಲ್ ಎ ಟ್ಯಾಂಕಿಗೆ ಕೆಳಗಿನಿಂದ ಬಂದ ನೀರಿಗಿಂತ ಗಾಳಿಯಿಂದ ಬಂದ ನೀರೇ ಶತ್ರು.

ಈಗ ಇದಕ್ಕೆ ಎಥೆನಾಲ್ ಎಂಬ ಮದ್ಯಸಾರ ಸೇರಿದೆ. ನಮ್ಮ ಪೆಟ್ರೋಲಿನಲ್ಲಿ 2022ರಲ್ಲಿ ಶೇಕಡ 10ಕ್ಕೆ ಮುಟ್ಟಿದ ಎಥೆನಾಲ್ ಪ್ರಮಾಣ 2025ಕ್ಕೆ 20 ಆಗಿದೆ. ಎಥೆನಾಲ್ ನೀರನ್ನು ತನ್ನೊಳಗೆ ಎಳೆದುಕೊಳ್ಳುತ್ತದೆ. ಒಂದು ಮಿತಿ ದಾಟಿದೊಡನೆ ನೀರನ್ನೂ ಕರೆದುಕೊಂಡು ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಕೂರುತ್ತದೆ. ಹಳೆಯ ಸೀಸ–ತವರದ ಲೇಪಕ್ಕೂ ಅದಕ್ಕೂ ಆಗಿಬರುವುದಿಲ್ಲ. ದಶಕಗಳಿಂದ ಒಳಗೋಡೆಗೆ ಅಂಟಿಕೊಂಡಿದ್ದ ಅಂಟು, ಮೆರುಗಿನಂಥ ಕಂದು ಪೊರೆ, ಎಲ್ಲವನ್ನೂ ಅದು ಸಡಿಲಿಸುತ್ತದೆ. ಅಂಟಿಕೊಂಡಿರಬಾರದಿದ್ದ ಇನ್ನೊಂದನ್ನೂ ಸಡಿಲಿಸುತ್ತದೆ; ನಮ್ಮ ಕಥೆ ತೊಡಗಿದ್ದು ಅಲ್ಲಿಂದಲೇ.

ಸುರಿದು ಮುಚ್ಚುವ ಮದ್ದು

ಭಾವನ ಕಾರು ದಾದರ್‌ನ ತಿಲಕ್ ಸೇತುವೆಯ ಏರಿನಲ್ಲಿ ಕೆಮ್ಮಿ ಕೆಮ್ಮಿ ನಿಂತಿತು. ಟ್ಯಾಂಕಿನಿಂದ ಇಳಿಯುವ ಪೆಟ್ರೋಲಿನ ಗಸಿ ಹಿಡಿಯುವ ಪುಟ್ಟ ಬಟ್ಟಲನ್ನು ಬಿಚ್ಚಿದರೆ ಅದರೊಳಗೆ ತುಕ್ಕಿನ ಜೊತೆಗೆ ಉಗುರಿನಗಲದ ಬಿಳಿಚಿದ ಚಕ್ಕೆಗಳು. ಬಹಳ ಹಿಂದೆ ಯಾವುದೋ ಗ್ಯಾರೇಜಿನವರು ಸೋರಿಕೆ ನಿಲ್ಲಿಸಲೆಂದು ಟ್ಯಾಂಕಿನೊಳಗೆ ಸೀಲರ್, ಅಂದರೆ ಒಣಗಿ ಒಳಗೋಡೆಗೆ ಪೊರೆಯಾಗಿ ಅಂಟುವ ದ್ರವ, ಸುರಿದು, ಟ್ಯಾಂಕನ್ನು ಎಲ್ಲ ಮಗ್ಗುಲಿಗೂ ಹೊರಳಿಸಿ, ಒಣಗಿಸಿ ಕೊಟ್ಟಿದ್ದರು. ಹೊಸ ಪೆಟ್ರೋಲಿಗೆ ಆ ಪೊರೆ ಎದ್ದು ಬರುತ್ತಿತ್ತು.

ಹಳೆಯ ಕಾರುಗಳ ಲೋಕದಲ್ಲಿ ಈ ಸೀಲರ್‌ಗೆ ಬಲು ಮರ್ಯಾದೆ. ಬೆಂಕಿ ಬೇಡ, ಕತ್ತರಿಸುವುದು ಬೇಡ, ಹೊರಗಿನ ಬಣ್ಣ ಕೆಡುವುದಿಲ್ಲ, ಟ್ಯಾಂಕ್ ಮೂಲದ್ದೇ ಆಗಿ ಉಳಿಯುತ್ತದೆ ಎಂಬುದು ಅದರ ಪರವಾದ ಮಾತು. ಈಗಿನ ಉತ್ತಮ ಎಪಾಕ್ಸಿ ಸೀಲರ್‌ಗಳು ಎಥೆನಾಲ್ ತಡೆಯುತ್ತವೆ ಎಂಬುದನ್ನೂ ಒಪ್ಪುತ್ತೇನೆ. ಆದರೆ ಅವು ನಿಲ್ಲಬೇಕಾದರೆ ಒಳಮೈಯಲ್ಲಿ ತುಕ್ಕಿನ ಕಣವಾಗಲಿ, ತೇವದ ಪಸೆಯಾಗಲಿ ಇರಬಾರದು. ಒಳಗೆ ಅಡ್ಡತಗಡುಗಳಿರುವ, ಕೈ ಹೋಗದ ಬಾಯಿಯ ಪೆಟ್ಟಿಗೆಯಲ್ಲಿ ಅಷ್ಟು ಶುದ್ಧಿಯಾಗಿದೆಯೆಂದು ಕಂಡವರಾರು? ನನ್ನ ಮುಖ್ಯ ತಕರಾರು ಅದೂ ಅಲ್ಲ. ಸೀಲರ್ ಹಾಕಿದ ಮೇಲೆ ಪೆಟ್ರೋಲ್ ಹಳೆಯ ಲೋಹವನ್ನು ಮುಟ್ಟುವುದೇ ಇಲ್ಲ. ಪೆಟ್ರೋಲನ್ನು ಹಿಡಿದಿಟ್ಟಿರುವುದು ಪ್ಲಾಸ್ಟಿಕ್ಕಿನ ಹೊಸ ಟ್ಯಾಂಕು. 1929ರ ಉಕ್ಕು ಅದಕ್ಕೆ ಹೊರಗಿನ ಅಚ್ಚು ಮಾತ್ರ. ಅಂದರೆ ಮರುನಿರ್ಮಾಣ ಬೇಡವೆಂದು ಸೀಲರ್ ಸುರಿಸುವವರು ತಮಗರಿವಿಲ್ಲದೆ ಮರುನಿರ್ಮಾಣವನ್ನೇ ಮಾಡಿಸುತ್ತಿದ್ದಾರೆ, ಅದೂ ಯಾವ ಕುಶಲಕರ್ಮಿಯ ಕೈಯೂ ಇಲ್ಲದ ಮರುನಿರ್ಮಾಣ. ಅದಕ್ಕಿಂತ ಕೆಟ್ಟದ್ದೆಂದರೆ, ಮುಂದೊಂದು ದಿನ ಅಲ್ಲಿ ಬೆಸುಗೆ ಹಾಕಬೇಕೆಂದರೆ ಆಗದು. ಬಿಸಿಗೆ ಪೊರೆ ಸುಟ್ಟುಹೋಗುತ್ತದೆ. ಮುಂದಿನವನ ಕೈಯನ್ನು ಕಟ್ಟಿಹಾಕುವ ಕೆಲಸವನ್ನು ದುರಸ್ತಿ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಕುರ್ಲಾದ ಅಂಗಡಿಯಲ್ಲಿ

ಕುರ್ಲಾದ ಹಳೆಯ ಬಿಡಿಭಾಗಗಳ ಸಾಲಂಗಡಿಗಳ ಹಿಂದೆ ತಗಡಿನ ಕೆಲಸದ ಒಂದು ಸಣ್ಣ ಅಂಗಡಿ. ರೇಡಿಯೇಟರ್, ಟ್ಯಾಂಕ್, ಮಡ್‌ಗಾರ್ಡ್ ಎಲ್ಲವೂ ಅಲ್ಲಿಗೆ ಬರುತ್ತವೆ. ಅಂಗಡಿಯ ಯಜಮಾನರು ವಿಜಯಪುರದ ಕಡೆಯವರು. ಎಲ್ಲರೂ ಉಸ್ತಾದ್ ಎಂದೇ ಕರೆಯುತ್ತಾರೆ. ನಾನು ಭಾವನೊಂದಿಗೆ ಕನ್ನಡದಲ್ಲಿ ಆಡಿದ ಮಾತನ್ನು ಕೇಳಿಸಿಕೊಂಡವರೇ ಹಿಂದಿ ಬಿಟ್ಟು ತಮ್ಮ ಕನ್ನಡಕ್ಕೆ ಇಳಿದರು. ಟ್ಯಾಂಕಿನೊಳಗೆ ಸಣ್ಣ ದೀಪ ಇಳಿಸಿ, ಒಂದು ಕಣ್ಣು ಮುಚ್ಚಿ ನೋಡಿದರು. "ಇದಕ್ಕ ಔಷಧ ಹಾಕಿ ಬಾಯಿ ಮುಚ್ಚ್ಯಾರ್ರಿ ಸರ. ಒಳಗ ಏನ್ ಆಗೇತಿ ಅಂತ ಹಾಕಿದವರಿಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ಬಿಚ್ಚೂದs ಛಲೋ."

ಬಿಚ್ಚುವುದೆಂದರೆ ಅಂಚಿನ ಬೆಸುಗೆಯ ಗುಂಟ ಕತ್ತರಿಸುವುದು. ಪೆಟ್ರೋಲ್ ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕ್ ಹೆಚ್ಚು ಅಪಾಯಕಾರಿ ಎಂಬುದನ್ನು ಈ ಕಸಬಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಗಾಳಿಯಲ್ಲಿ ಪೆಟ್ರೋಲಿನ ಆವಿ ಸುಮಾರು ಶೇಕಡ 1.4ರಿಂದ 7.6ರಷ್ಟಿದ್ದರೆ ಒಂದು ಕಿಡಿ ಸಾಕು ಸಿಡಿಯಲು. ತೊಳೆದು ಒಣಗಿಸಿದ ಟ್ಯಾಂಕಿನಲ್ಲೂ ತುಕ್ಕಿನ ಸಂದಿಯಲ್ಲಿ, ಅಂಚಿನ ಮಡಿಕೆಯಲ್ಲಿ ಅಡಗಿದ ಪೆಟ್ರೋಲ್ ಬಿಸಿ ತಾಗಿದೊಡನೆ ಆವಿಯಾಗಿ ಹೊರಬರುತ್ತದೆ. ಓಡುತ್ತಿರುವ ಕಾರಿನ ಹೊಗೆಯನ್ನು ಟ್ಯಾಂಕಿನೊಳಗೆ ಬಿಟ್ಟು ಬೆಸುಗೆ ಹಾಕುವ ಹಳೆಯ ಉಪಾಯವೊಂದಿದೆ. ಉಸ್ತಾದ್ ಅದನ್ನು ಬಲ್ಲರು, ನಂಬುವುದಿಲ್ಲ. ಕಾಸ್ಟಿಕ್ ಸೋಡಾ ಬೆರೆಸಿದ ಕುದಿನೀರಿನಲ್ಲಿ ಮತ್ತೆ ಮತ್ತೆ ತೊಳೆದು, ಕೊನೆಗೆ ಕಂಠದವರೆಗೆ ನೀರು ತುಂಬಿಸಿ, ಬೀದಿಯಲ್ಲಿಟ್ಟು, ಗ್ರೈಂಡರ್ ಮುಟ್ಟದೆ ಕೈಗರಗಸದಿಂದ ಕೊಯ್ದರು. ಸಂಜೆಯ ಹೊತ್ತಿಗೆ ಟ್ಯಾಂಕ್ ಎರಡಾಗಿ ಬಿಚ್ಚಿಕೊಂಡಿತು.

ಮೇಲರ್ಧದ ಒಳಮೈಯಲ್ಲಿ ತುಕ್ಕು ಹುಡಿಹುಡಿಯಾಗಿ ಹರಡಿತ್ತಾದರೂ ತಗಡು ದಪ್ಪವಾಗಿಯೇ ಇತ್ತು. ಕೆಳಗಿನರ್ಧದ ಸ್ಥಿತಿ ಬೇರೆ. ಅಡ್ಡತಗಡುಗಳ ಬುಡದಲ್ಲಿ, ನೀರು ನಿಲ್ಲುವ ಜಾಗದಲ್ಲೆಲ್ಲ, ಸೀಲರಿನ ಪೊರೆಯನ್ನು ಎಬ್ಬಿಸಿದರೆ ಅದರೊಂದಿಗೇ ತುಕ್ಕಿನ ಹಾಳೆಗಳೂ ಎದ್ದುಬಂದವು. ಸ್ಕ್ರೂಡ್ರೈವರಿನ ತುದಿ ಒತ್ತಿದಲ್ಲಿ ಆಚೆ ಹೋಗುತ್ತಿತ್ತು. ಪೆಟ್ರೋಲ್ ಇಳಿಯುವ ಕೊಳವೆಯ ಪಕ್ಕದಲ್ಲಿ ಮಾತ್ರ ಅಂಗೈ ಅರ್ಧದಷ್ಟು ಜಾಗ ಬೂದುಬಣ್ಣದಲ್ಲಿ ನುಣ್ಣಗೆ ಹೊಳೆಯುತ್ತಿತ್ತು. ಅದು ಯಾರೋ ಯಾವಾಗಲೋ ಹಾಕಿದ ತೇಪೆ. ಸೀಲರ್‌ಗೂ ಮುಂಚಿನದು, ಬಹುಶಃ ಭಾವನ ತಂದೆಯ ಕಾಲದ್ದು. ಸಣ್ಣ ತಗಡಿನ ತುಂಡನ್ನು ಇಟ್ಟು, ಸುತ್ತ ಬೆಸುಗೆಯನ್ನು ಉದಾರವಾಗಿ ಹರಿಯಬಿಟ್ಟಿದ್ದರು. ಸುತ್ತಲಿನ ಉಕ್ಕು ಜರಡಿಯಾಗಿದ್ದರೂ ಆ ತೇಪೆಯ ಅಡಿಯ ಲೋಹ ಗಟ್ಟಿಯಾಗಿತ್ತು. ಉಸ್ತಾದ್ ಅದರ ಮೇಲೆ ಹೆಬ್ಬೆರಳಾಡಿಸಿ, "ಕೈ ಇದ್ದಾಂವ ಮಾಡ್ಯಾನ್ರಿ" ಎಂದಷ್ಟೇ ಅಂದರು. ನನಗೆ ಸೀಲರ್ ಬಗ್ಗೆ ಇದ್ದ ಅನುಮಾನಕ್ಕೆ ಅಷ್ಟು ಸಾಕ್ಷ್ಯ ಸಾಕಾಯಿತು.

ಕೆಳಗಿನರ್ಧವನ್ನು ಉಳಿಸಿಕೊಳ್ಳಲು ಸಾಧ್ಯವೇ ಎಂದು ಕೇಳಿದೆ. ತೇಪೆಯ ಮೇಲೆ ತೇಪೆ ಹಾಕುತ್ತ ಹೋದರೆ ತೇಪೆಗೆ ಆಧಾರವಾಗುವ ತಗಡೇ ಇರುವುದಿಲ್ಲ ಎಂದು ತೋರಿಸಿದರು. "ಮ್ಯಾಲಿಂದು ಗಟ್ಟಿ ಐತ್ರಿ. ಕೆಳಗಿಂದು ತುಕ್ಕಿನ ಮ್ಯಾಲs ನಿಂತೈತಿ." ಸ್ಟಿಯರಿಂಗಿನ ಆಸರೆ ಕಚ್ಚಿಕೊಳ್ಳುವುದೂ ಅದೇ ತಳಕ್ಕೆ. ಹಾಗಾಗಿ ಹೊಸ ತಳ ಮಾಡುವುದೆಂದಾಯಿತು.

ಮೇಲರ್ಧವನ್ನು ಕಾಕಂಬಿಯಲ್ಲಿ ಮುಳುಗಿಸಿದೆವು. ಒಂದು ಪಾಲು ಕಾಕಂಬಿಗೆ ಒಂಬತ್ತು ಪಾಲು ನೀರು. ಆಮ್ಲ ಬಳಸಿದರೆ ತುಕ್ಕಿನ ಜೊತೆಗೆ ಒಳ್ಳೆಯ ಲೋಹವೂ ಕರಗುತ್ತದೆ, ತೊಳೆದ ಗಳಿಗೆಯಲ್ಲೇ ಮತ್ತೆ ತುಕ್ಕು ಏಳುತ್ತದೆ. ಕಾಕಂಬಿ ತುಕ್ಕನ್ನಷ್ಟೇ ಮೆಲ್ಲಗೆ ಬಿಡಿಸುತ್ತದೆ. ವಾರಗಟ್ಟಲೆ ಕಾಯಬೇಕು, ಹುಳಿನಾತವನ್ನು ಸಹಿಸಬೇಕು. ಪಶ್ಚಿಮ ಮಹಾರಾಷ್ಟ್ರದ ಸಕ್ಕರೆ ಕಾರ್ಖಾನೆಗಳಿಂದ ಬರುವ ಇದೇ ಕಾಕಂಬಿಯನ್ನು ಹುಳಿಸಿ ಬಟ್ಟಿಯಿಳಿಸಿ ಎಥೆನಾಲ್ ಮಾಡಿ ಪೆಟ್ರೋಲಿಗೆ ಬೆರೆಸುತ್ತಾರೆ ಎಂಬುದನ್ನು ಭಾವನಿಗೆ ನೆನಪಿಸಿದೆ. "ರೋಗವೂ ಅದೇ, ಮದ್ದೂ ಅದೇ ಅನ್ನು ಮಾರಾಯ" ಎಂದು ನಕ್ಕರು.

ಹೊಸ ತಳವನ್ನು ಹಳೆಯದರ ಅಳತೆ ತೆಗೆದು, ಮರಳು ಚೀಲದ ಮೇಲೆ ಕೊಡತಿಯಿಂದ ಬಡಿದು ಬಾಗಿಸಿದರು. ಅಡ್ಡತಗಡುಗಳನ್ನು ಹಳೆಯವು ಇದ್ದಲ್ಲೇ ಕೂರಿಸಿದರು. ಅವು ಇಲ್ಲದಿದ್ದರೆ ತಿರುವಿನಲ್ಲಿ ಪೆಟ್ರೋಲ್ ಒಂದೇ ಮಗ್ಗುಲಿಗೆ ಉಕ್ಕಿ ಕಾರ್ಬ್ಯುರೇಟರ್ ಬರಿದಾಗುತ್ತದೆ. ಸೀಸ ಲೇಪಿಸಿದ ತಗಡು ಈಗ ಸಿಗುವುದು ದುರ್ಲಭವಾದ್ದರಿಂದ ಬರಿಯ ತಗಡಿಗೆ ತಾವೇ ಒಳಗಿನಿಂದ ಲೇಪ ಕೊಟ್ಟರು: ಸತುವನ್ನು ಕರಗಿಸಿ ಪಳಗಿಸಿದ ಆಮ್ಲ ಸವರಿ, ಬಿಸಿ ಮಾಡಿ, ತವರವೇ ಹೆಚ್ಚಿರುವ ಬೆಸುಗೆಯನ್ನು ಹತ್ತಿಬಟ್ಟೆಯಿಂದ ಒರೆಸುತ್ತ ಹೋದರು. ಆಮೇಲೆ ಆ ಆಮ್ಲದ ಪಸೆ ಉಳಿಯದಂತೆ ತೊಳೆಯುವುದಕ್ಕೇ ಲೇಪದಷ್ಟು ಹೊತ್ತು ಹಿಡಿಯಿತು. ಉಳಿದರೆ ಅದೇ ಮುಂದಿನ ತುಕ್ಕಿನ ಬೀಜ. ಎರಡೂ ಅರ್ಧಗಳ ಅಂಚು ಸೇರಿಸಿ, ಅಲ್ಲಲ್ಲಿ ಸ್ಪಾಟ್ ವೆಲ್ಡ್ ಮಾಡಿಸಿ, ಇಡೀ ಸುತ್ತಿಗೆ ಬೆಸುಗೆ ತುಂಬಿದರು. ಸೋರಿಕೆ ಪರೀಕ್ಷೆಗೆ ಸಾಬೂನು ನೀರು ಹಚ್ಚಿ ಎರಡು ಮೂರು ಪೌಂಡ್ ಒತ್ತಡದಷ್ಟು ಮಾತ್ರ ಗಾಳಿ ಬಿಟ್ಟರು. ಹೆಚ್ಚು ಬಿಟ್ಟರೆ ಟ್ಯಾಂಕ್ ಉಬ್ಬಿ ಬಾನೆಟ್‌ನೊಂದಿಗೆ ಹೊಂದುವುದಿಲ್ಲ.

ಹಾಗಾದರೆ ಹೊಸದನ್ನೇ ಮಾಡಿಸಬಾರದೇಕೆ

ಇದು ಭಾವನ ಪ್ರಶ್ನೆ, ನ್ಯಾಯವಾದದ್ದೇ. ಅರ್ಧ ಬಡಿಯಬಲ್ಲವರು ಇಡಿಯಾಗಿಯೂ ಬಡಿಯಬಲ್ಲರು. ವಿದೇಶಗಳಲ್ಲಿ ಎಂ.ಜಿ.ಯಂಥ ಹಳೆಯ ಬ್ರಿಟಿಷ್ ಕಾರುಗಳಿಗೆ ಹೊಸ ಟ್ಯಾಂಕುಗಳನ್ನು ಮಾಡಿ ಮಾರುತ್ತಾರೆ, ಸ್ಟೇನ್‌ಲೆಸ್ ಉಕ್ಕಿನಲ್ಲೂ ಸಿಗುತ್ತವೆ. ಸತು ಲೇಪಿಸಿದ ತಗಡನ್ನು ನಮ್ಮಲ್ಲಿ ಕೆಲವರು ಅಗ್ಗವೆಂದು ಬಳಸುವುದುಂಟು. ಎಥೆನಾಲ್ ಸತುವನ್ನು ತಿನ್ನುವುದರಿಂದ ಅದು ಮಾತ್ರ ಬೇಡವೇ ಬೇಡ. ಸ್ಟೇನ್‌ಲೆಸ್ ಮಾಡಿಸಿ, ಹೊರಗೆ ಕಪ್ಪು ಬಣ್ಣ ಬಳಿದರೆ ಯಾರಿಗೂ ಗೊತ್ತಾಗದು ಎನ್ನುವ ಸಲಹೆ ಬಂದಾಗ ನನಗೆ ಹಿಡಿಸದಿದ್ದದ್ದು ಸ್ಟೇನ್‌ಲೆಸ್ ಅಲ್ಲ, ಗೊತ್ತಾಗದು ಎಂಬ ಮಾತು.

ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ಫೀವಾ 2012ರಲ್ಲಿ ಅಂಗೀಕರಿಸಿದ ಟ್ಯೂರಿನ್ ಸನ್ನದು ಈ ವಿಷಯದಲ್ಲಿ ನನಗೆ ಒಪ್ಪಿಗೆಯಾಗುವ ದಾರಿ ತೋರಿಸುತ್ತದೆ. ಕಟ್ಟಡಗಳ ಸಂರಕ್ಷಣೆಗೆಂದು ರೂಪುಗೊಂಡ 1964ರ ವೆನಿಸ್ ಸನ್ನದಿನ ಜಾಡಿನಲ್ಲಿ ಬಂದದ್ದು ಅದು. ಇದ್ದದ್ದನ್ನು ಆದಷ್ಟು ಉಳಿಸಿ, ಮಾಡಿದ್ದನ್ನು ದಾಖಲಿಸಿ, ಬದಲಾಯಿಸಿದ ಭಾಗಗಳ ಮೇಲೆ ಅಳಿಯದ ಆದರೆ ಕಣ್ಣಿಗೆ ರಾಚದ ಗುರುತು ಹಾಕಿ ಎನ್ನುತ್ತದೆ. ನಮ್ಮ ಸರಕಾರದ ನಿಯಮ ಇಷ್ಟು ಸೂಕ್ಷ್ಮಕ್ಕೆ ಇಳಿಯುವುದಿಲ್ಲ. 2021ರ ಜುಲೈನಲ್ಲಿ ಬಂದ ವಿಂಟೇಜ್ ವಾಹನಗಳ ನಿಯಮದ ಪ್ರಕಾರ 50 ವರ್ಷ ದಾಟಿದ, ಮೂಲರೂಪದಲ್ಲಿರುವ, ಚಾಸಿಸ್, ಹೊರಕವಚ, ಎಂಜಿನ್‌ಗಳಲ್ಲಿ ಗಣನೀಯ ಬದಲಾವಣೆಯಾಗದ ಕಾರುಗಳಿಗೆ 20,000 ರೂಪಾಯಿ ಶುಲ್ಕಕ್ಕೆ ವಿಎ ಅಕ್ಷರಗಳುಳ್ಳ ನೋಂದಣಿ ಸಿಗುತ್ತದೆ. ಟ್ಯಾಂಕೇ ಹೊರಕವಚವಾಗಿರುವ ಕಾರನ್ನು ಆ ನಿಯಮ ಬರೆದವರು ನೆನೆದಿರಲಿಕ್ಕಿಲ್ಲ.

ಭಾವನೊಂದಿಗೆ ನನಗಿರುವ ಭಿನ್ನಾಭಿಪ್ರಾಯ ಇಷ್ಟೇ. ಅವರಿಗೆ ಲೋಹದ ವಯಸ್ಸು ಮುಖ್ಯ. ನನಗೆ, ಆ ಲೋಹವನ್ನು ಮತ್ತೆ ಬಿಚ್ಚಿ ನೋಡಬಹುದೇ ಎಂಬುದು ಮುಖ್ಯ. ಆ ಅಳತೆಗೋಲಿನಲ್ಲಿ ಸೀಲರ್ ತುಂಬಿದ ಹಳೆಯ ಟ್ಯಾಂಕಿಗಿಂತ ಉಸ್ತಾದ್ ಬಡಿದ ಹೊಸ ತಳ 1929ಕ್ಕೆ ಹತ್ತಿರ. ಮೇಲರ್ಧವನ್ನು ಉಳಿಸಿಕೊಂಡದ್ದು ಅದು ಪೂಜ್ಯವೆಂದಲ್ಲ, ಅದಿನ್ನೂ ಗಟ್ಟಿಯಾಗಿದೆಯೆಂದು. ಅದೂ ಸವೆದಿದ್ದರೆ ಅದನ್ನೂ ಬಡಿಸುತ್ತಿದ್ದೆ. ಹೊಸ ತಳದ ಅಂಚಿನಲ್ಲಿ, ಡ್ಯಾಶ್‌ಬೋರ್ಡ್‌ನ ಕೆಳಗೆ ತಲೆ ತೂರಿಸಿದರೆ ಕಾಣುವ ಕಡೆ, ಇಸವಿಯನ್ನು ಉಳಿಯಿಂದ ಕೆತ್ತಿಸಿದ್ದೇವೆ. ಹಳೆಯ ತಳ, ತೇಪೆಯ ಸಮೇತ, ಭಾವನ ಮನೆಯ ಅಟ್ಟದಲ್ಲಿದೆ. "ತೂತು ತಗಡಿಗೆ ಮಾಟುಂಗದಲ್ಲಿ ಜಾಗ ಎಷ್ಟು ದುಬಾರಿ ಗೊತ್ತಾ" ಎಂದು ಅಕ್ಕ ಕೇಳುತ್ತಲೇ ಇರುತ್ತಾಳೆ.

ತವರದ ಲೇಪವೂ ಎಥೆನಾಲಿನೆದುರು ಶಾಶ್ವತವಲ್ಲ. ಅದಕ್ಕೇ ಮಳೆಗಾಲಕ್ಕೆ ಮುಂಚೆ ಟ್ಯಾಂಕ್ ಬರಿದು ಮಾಡಿ, ಒಳಗೆ ತೆಳುವಾಗಿ ಎಣ್ಣೆ ಆಡಿಸಿ ಇಡುತ್ತೇವೆ, ಓಡಿಸುವ ತಿಂಗಳುಗಳಲ್ಲಿ ತುಂಬಿಸಿಯೇ ಇಡುತ್ತೇವೆ.

ಈ ವಾದವನ್ನು ಎಲ್ಲ ಕಾರಿಗೂ ಎಳೆಯುವುದು ತರವಲ್ಲ. ಚೆಂಬೂರಿನ ಗೆಳೆಯರೊಬ್ಬರ ಬಳಿ ಇದೇ ಕುರ್ಲಾದಲ್ಲಿ ಹುಟ್ಟಿದ ಪ್ರೀಮಿಯರ್ ಪದ್ಮಿನಿ ಇದೆ. ಕಪ್ಪು-ಹಳದಿ ಟ್ಯಾಕ್ಸಿಯಾಗಿ ಆ ಮಾದರಿ 2023ರ ಅಕ್ಟೋಬರ್‌ನಲ್ಲಿ ಈ ಊರಿನ ರಸ್ತೆಯಿಂದ ಮರೆಯಾಯಿತು. ಗುಜರಿಗೆ ಬಂದ ಟ್ಯಾಕ್ಸಿಯ ಟ್ಯಾಂಕ್ ಅಗ್ಗವಾಗಿ ಸಿಗುತ್ತದೆ, ಹಾಕಿಸಲೇ ಎಂದು ಅವರು ಕೇಳಿದರು. ಆ ಟ್ಯಾಕ್ಸಿಗಳಲ್ಲಿ ಬಹುಪಾಲು ವರ್ಷಗಟ್ಟಲೆ ಸಿಎನ್‌ಜಿಯಲ್ಲಿ ಓಡಿದವು. ಅವುಗಳ ಪೆಟ್ರೋಲ್ ಟ್ಯಾಂಕ್ ತಳದಲ್ಲಿ ಒಂದಿಷ್ಟು ಪೆಟ್ರೋಲಿಟ್ಟುಕೊಂಡು ಉಳಿದ ಜಾಗದಲ್ಲಿ ಮುಂಬಯಿಯ ಗಾಳಿ ತುಂಬಿಕೊಂಡು ಕಾಲ ಕಳೆದಿರುತ್ತದೆ. ಅಂಥದ್ದು ಬೇಡ, ಕಾರು ದಿನವೂ ಓಡುವುದಾದರೆ ಸ್ಟೇನ್‌ಲೆಸ್‌ನಲ್ಲಿ ಹೊಸದನ್ನೇ ಮಾಡಿಸಿ ಎಂದಿದ್ದೇನೆ. ತಮ್ಮ ಕಾರಿನ ಹಳೆಯ ಟ್ಯಾಂಕನ್ನು ಗುಜರಿಗೆ ಹಾಕುವ ಮುನ್ನ ಒಮ್ಮೆ ಉಸ್ತಾದ್ ಅಂಗಡಿಗೆ ಒಯ್ದು ಕೊಯ್ಯಿಸಿ ನೋಡಲು ಅವರು ಒಪ್ಪಿದ್ದಾರೆ. ಮಳೆ ನಿಂತ ಮೇಲೆ ಹೋಗುವುದೆಂದಾಗಿದೆ.